ಟಿಪ್ಪಣಿ ಹಾಳೆ ಬಾಯಿ ಬಿಟ್ಟಾಗ

ಸರ್ಕಾರಿ ಕಡತ ಬಿಚ್ಚಿದರೆ ಒಂದು ಮಗ್ಗುಲಲ್ಲಿ ಹೊರಗಿನಿಂದ ಬಂದ ಪತ್ರಗಳು, ಇನ್ನೊಂದು ಮಗ್ಗುಲಲ್ಲಿ ಒಳಗಿನವರು ಒಬ್ಬರಿಗೊಬ್ಬರು ಬರೆದುಕೊಂಡ ಟಿಪ್ಪಣಿ. ಪತ್ರದ ಹಣೆಬರಹ ತೀರ್ಮಾನವಾಗುವುದು ಈ ಎರಡನೆಯ ಮಗ್ಗುಲಲ್ಲಿ. ಅಂಥದೊಂದು ಟಿಪ್ಪಣಿ ಹಾಳೆ ಎರಡು ಟೇಬಲ್ಲುಗಳ ನಡುವೆ ಕಾಯುತ್ತ ಕುಳಿತಿದ್ದಾಗ ಮಾತಿಗೆ ಸಿಕ್ಕಿತು. ಅದಕ್ಕೆ ಬಿಡುವಿಗೇನೂ ಬರವಿರಲಿಲ್ಲ.

ಪ್ರಶ್ನೆ: ನಮಸ್ಕಾರ. ಸದ್ಯಕ್ಕೆ ಏನು ಕೆಲಸ ನಡೀತಿದೆ?

ಹಾಳೆ: ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ...

ಪ್ರಶ್ನೆ: ಸ್ವಲ್ಪ ಮನೆಮಾತಿನಲ್ಲಿ ಹೇಳಿ, ಸ್ವಾಮಿ.

ಹಾಳೆ: ಅಯ್ಯೋ, ಬಾಯಿಗೆ ಅಂಟಿಹೋಗಿದೆ. ಒಂದು ಹೈಸ್ಕೂಲಿನ ಸೂರು ಸೋರ್ತಾ ಇದೆ. ಅಷ್ಟೇ ವಿಷಯ.

ಪ್ರಶ್ನೆ: ಹೆಡ್‌ಮಾಸ್ಟರು ಪತ್ರ ಬರೆದಿದ್ದರಲ್ಲ?

ಹಾಳೆ: ಪಕ್ಕದ ಮಗ್ಗುಲಲ್ಲೇ ಮಲಗಿದೆ. ಕನ್ನಡ ಮೇಷ್ಟ್ರು, ತರಗತಿಯಲ್ಲಿ ಮಕ್ಕಳು ಕಿವಿಯರಳಿಸಿ ಕೇಳೋ ಹಾಗೆ ಮಾತಾಡ್ತಾರಂತೆ. ಕಚೇರಿಗೆ ಬರೆಯೋವಾಗ ಮಾತ್ರ ಪೆನ್ನಿಗೆ ಪೇಟ ಸುತ್ತಿದ್ದಾರೆ. ವಿಷಯ, ಉಲ್ಲೇಖ ಒಂದು, ಉಲ್ಲೇಖ ಎರಡು, ಶಾಲೆ ಹುಟ್ಟಿದ ಕಥೆ, ದಾನಿಗಳ ಹೆಸರು, ಎಸ್ಸೆಸ್ಸೆಲ್ಸಿ ಫಲಿತಾಂಶ. ಸೋರೋ ಮಾತು ಬರೋದು ಎರಡನೇ ಪುಟದ ಕೊನೇಲಿ. ಎಷ್ಟು ಕೋಣೆ, ಎಷ್ಟು ದುಡ್ಡು ಅನ್ನೋದು ಮೂರನೇ ಪುಟದಲ್ಲೂ ಇಲ್ಲ. ‘ಸೂಕ್ತ ಅನುದಾನ’ ಅಂತಿದೆ. ನಮ್ಮ ವಿಷಯ ನಿರ್ವಾಹಕರು ಮೊದಲ ಪುಟ ಓದಿ, ವಾರ್ಷಿಕೋತ್ಸವದ ಆಹ್ವಾನ ಅಂದ್ಕೊಂಡು ಪಕ್ಕಕ್ಕಿಟ್ಟಿದ್ರು.

ಪ್ರಶ್ನೆ: ಆಮೇಲೆ ನಿಮ್ಮ ಮೇಲೆ ಏನು ಬರೆದರು?

ಹಾಳೆ: ‘ಮಳೆನೀರು ಕೊಠಡಿಯೊಳಗೆ ಪ್ರವೇಶಿಸುತ್ತಿರುವುದಾಗಿ ತಿಳಿಸಲಾಗಿರುತ್ತದೆ.’ ಗಮನಿಸಿದ್ರಾ? ನೀರು ಒಂದೇ ಧೈರ್ಯವಾಗಿ ಪ್ರವೇಶಿಸ್ತಾ ಇದೆ. ತಿಳಿಸಿದೋರು ಯಾರು, ನೋಡಿದೋರು ಯಾರು, ಪತ್ತೆಯಿಲ್ಲ. ಮುಂದಕ್ಕೆ ‘ಪರಿಶೀಲಿಸಲಾಯಿತು’, ‘ಕ್ರಮ ವಹಿಸಬಹುದಾಗಿದೆ’. ಇಡೀ ಪುಟ ಹುಡುಕಿದ್ರೂ ಕೆಲಸ ಮಾಡಿದ ಮನುಷ್ಯ ಒಬ್ಬನೂ ಸಿಗಲ್ಲ. ನಾಳೆ ಆಡಿಟ್‌ನವರು ಬಂದ್ರೆ ಮಳೆನೀರನ್ನೇ ಕರೆಸಿ ವಿವರಣೆ ಕೇಳ್ಬೇಕು.

ಪ್ರಶ್ನೆ: ಇಂಗ್ಲಿಷ್ ಹೋಗಿ ಕನ್ನಡ ಬಂದರೆ ಎಲ್ಲ ತಿಳಿಯಾಗುತ್ತೆ ಅಂತ ನಾವಂದುಕೊಂಡಿದ್ದೆವು.

ಹಾಳೆ: 1963ರಲ್ಲಿ ರಾಜಭಾಷಾ ಕಾಯಿದೆ ಬಂದಾಗ ನಮ್ಮಜ್ಜಿಯೂ ಹಾಗೇ ಅಂದ್ಕೊಂಡಿದ್ಳಂತೆ. ಭಾಷೆ ಬದಲಾಯ್ತು, ಅಂಜಿಕೆ ಅಲ್ಲೇ ಉಳೀತು.

ಪ್ರಶ್ನೆ: ಸಾಹೇಬರು ಏನಂದರು?

ಹಾಳೆ: ಹಸಿರು ಶಾಯಿಯಲ್ಲಿ ಒಂದೇ ಪದ: ‘ಚರ್ಚಿಸಿ’. ನಿರ್ವಾಹಕರು ಒಳಗೆ ಹೋದ್ರು. ನಾನು ಅವರ ಕಂಕುಳಲ್ಲೇ ಇದ್ದೆ, ಎಲ್ಲಾ ಕೇಳಿಸ್ಕೊಂಡೆ. ‘ಸಾರ್, ಎರಡು ರೂಮು ಸೋರ್ತಿದೆ. ಮಳೆ ಬಂದ್ರೆ ಮಕ್ಕಳನ್ನ ಮನೆಗೆ ಕಳಿಸ್ತಾರೆ. ಹೆಡ್ಡಲ್ಲಿ ದುಡ್ಡಿದೆ, ಮಾರ್ಚ್ 31 ದಾಟಿದ್ರೆ ಲ್ಯಾಪ್ಸ್ ಆಗುತ್ತೆ.’ ‘ಹಂಗಾದ್ರೆ ಕೊಟ್ಬಿಡೋದಲ್ವೇನ್ರಿ, ಏನ್ ಕಾಯ್ತಿದೀರಿ?’ ಕಾಫಿ ಆರೋದ್ರೊಳಗೆ ಮುಗೀತು! ಇವರಿಗೆ ಇಷ್ಟು ಚೆನ್ನಾಗಿ ಮಾತಾಡೋಕೆ ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಹೊರಗೆ ಬಂದು ಪೆನ್ನು ತೆಗೆದ್ರು: ‘ಚರ್ಚಿಸಿದಂತೆ, ನಿಯಮಾನುಸಾರ ಸೂಕ್ತ ಆದೇಶಕ್ಕಾಗಿ ಮರುಮಂಡಿಸಿದೆ.’

ಪ್ರಶ್ನೆ: ಏನು ಚರ್ಚೆಯಾಯಿತು ಅಂತಲೇ ಬರೆಯಬಾರದಿತ್ತೆ?

ಹಾಳೆ: ಬರೆದ್ರೆ ಯಾರಾದ್ರೂ ಓದಿಬಿಟ್ರೆ? 2005ರಲ್ಲಿ ಮಾಹಿತಿ ಹಕ್ಕು ಬಂತು. ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದ್ರೆ ನನ್ನ ನಕಲು ಕೇಳಬಹುದು. ಮಾರನೇ ವರ್ಷವೇ ಟಿಪ್ಪಣಿಗಳನ್ನ ಕಾಯಿದೆಯಿಂದ ಹೊರಗಿಡೋಕೆ ದೆಹಲಿಯಲ್ಲಿ ತಿದ್ದುಪಡಿ ತರೋಕೆ ಹೊರಟ್ರು. ಜನ ಬೀದಿಗಿಳಿದ್ರು, ಕೈಬಿಟ್ರು. ಅವತ್ತು ನನ್ನ ಬೆಲೆ ನನಗೇ ತಿಳೀತು. ನಿಜ ಮಾತ್ರ ನನ್ನ ಮೇಲಿಂದ ಎದ್ದು ಅಂಟುಚೀಟಿಗೆ ಹೋಯ್ತು, ಕಿತ್ತರೆ ಗುರುತಿಲ್ಲ. ಈಗ ಅಲ್ಲಿಂದಲೂ ಎದ್ದು ವಾಟ್ಸಾಪಿಗೆ ಹೋಗಿದೆ.

(ಇದರಲ್ಲಿ ಒಂದಿಷ್ಟು ಉತ್ಪ್ರೇಕ್ಷೆಯಿದೆ. ‘ಇದಕ್ಕೆ ನನ್ನ ಒಪ್ಪಿಗೆಯಿಲ್ಲ’ ಎಂದು ಹೆಸರು ಸಮೇತ ಬರೆದು, ವರ್ಗಾವಣೆಯ ಆದೇಶ ಪಡೆದು ಹೋದವರೂ ಇದ್ದಾರೆ. ನನ್ನ ಮುಂದಿದ್ದ ಹಾಳೆಗೆ ಅವರ ಕೈ ತಾಗಿರಲಿಲ್ಲ.)

ಪ್ರಶ್ನೆ: ಇ-ಆಫೀಸ್ ಬಂದ ಮೇಲೆ?

ಹಾಳೆ: ಅಲ್ಲಿ ನನಗೆ ಎರಡು ಬಣ್ಣ. ಹಳದಿ ಟಿಪ್ಪಣಿ ಕರಡು, ಬೇಡ ಅಂದ್ರೆ ಕಿತ್ತುಹಾಕಬಹುದು. ಹಸಿರು ಟಿಪ್ಪಣಿ ಕಳಿಸಿದ ಮೇಲೆ ತಿದ್ದೋಕಾಗಲ್ಲ. ಬುದ್ಧಿಯೆಲ್ಲ ಯಾವ ಬಣ್ಣದಲ್ಲಿ ಖರ್ಚಾಗುತ್ತೆ ಅಂತ ಬೇರೆ ಹೇಳ್ಬೇಕೆ?

ಪ್ರಶ್ನೆ: ನಿಮಗೇ ಪೆನ್ನು ಕೊಟ್ಟರೆ ಏನು ಬರೀತೀರಿ?

ಹಾಳೆ: ಬರೆದೇ ಇಟ್ಟಿದ್ದೀನಿ, ನೋಡಿ. ‘ಎರಡು ಕೋಣೆ ಸೋರುತ್ತಿವೆ. ನಾನೇ ಹೋಗಿ ನೋಡಿದ್ದೇನೆ. ಎಂಜಿನಿಯರ್ ಕೊಟ್ಟ ಅಂದಾಜು ಪಟ್ಟಿ ಪಕ್ಕದಲ್ಲಿದೆ. ಹಣವಿದೆ. ಈ ತಿಂಗಳೇ ಮಂಜೂರು ಮಾಡಬೇಕೆಂದು ನನ್ನ ಸಲಹೆ.’

ಪ್ರಶ್ನೆ: ಚೆನ್ನಾಗಿದೆ! ಈ ‘ನಾನು’ ಯಾರು? ಕೆಳಗೆ ಸಹಿ ಕಾಣಿಸ್ತಿಲ್ಲ.

ಹಾಳೆ: ಅಲ್ಲೇ ತೊಡಕಾಗಿರೋದು. ಯಾರು ಹಾಕ್ಬೇಕು ಅಂತ ಕೇಳಿ ಮೇಲಕ್ಕೆ ಕಳಿಸಿದ್ದೆ. ‘ಚರ್ಚಿಸಿ’ ಅಂತ ವಾಪಸ್ ಬಂದಿದೆ.