ಬಲಗಾಲಿಟ್ಟು ಒಳಗೆ ಬನ್ನಿ, ಟಿಕೆಟ್ ರೈಸ್ ಮಾಡಿ

ಹೊಸಬರನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ನಿಮ್ಮ ಕಂಪನಿಯಲ್ಲಿ ಇನ್ನೂ ಒಂದು ‘ಆನ್‌ಬೋರ್ಡಿಂಗ್ ಪ್ರೋಸೆಸ್’ ಇಲ್ಲವೇ? ಹಾಗಾದರೆ ನೀವು ಬೆಂಗಳೂರಿನಲ್ಲಿ ಕಂಪನಿ ನಡೆಸುತ್ತಿಲ್ಲ, ದಿನಸಿ ಅಂಗಡಿ ಇಟ್ಟುಕೊಂಡಿದ್ದೀರಿ. ಅಂಗಡಿಯಲ್ಲಾದರೆ ಹುಡುಗ ಬೆಳಿಗ್ಗೆ ಬರುತ್ತಾನೆ. ‘ಪೊರಕೆ ಅಲ್ಲಿದೆ, ತಕ್ಕಡಿ ಇಲ್ಲಿದೆ, ಯಾರಾದ್ರೂ ಸಾಲ ಕೇಳಿದ್ರೆ ನನ್ನನ್ನ ಕರಿ’ ಎನ್ನುತ್ತಾರೆ ಯಜಮಾನರು. ಕಾಫಿ ಹೊತ್ತಿಗೆ ಹುಡುಗ ಬೆಲ್ಲ ತೂಗುತ್ತಿರುತ್ತಾನೆ. ಗಾಜಿನ ಕಟ್ಟಡದಲ್ಲಿ ಇಷ್ಟು ಸಲೀಸಾಗಿ ಕೆಲಸ ಶುರುವಾದರೆ ಬಾಡಿಗೆಗಾದರೂ ಮರ್ಯಾದೆ ಬೇಡವೇ?

ಆದ್ದರಿಂದ ಮೊದಲು ಒಂದು ಸಮಿತಿ ಮಾಡಿ. ಎಚ್‌ಆರ್, ಐಟಿ, ಅಡ್ಮಿನ್, ಫೈನಾನ್ಸ್, ಸೆಕ್ಯುರಿಟಿಯಿಂದ ಒಬ್ಬೊಬ್ಬರು ಇರಲಿ. ಹೊಸಬ ಕೂರಬೇಕಾದ ಟೀಮಿನಿಂದ ಮಾತ್ರ ಯಾರೂ ಬೇಡ. ಅವರಿಗೆ ಕೆಲಸ ಇರುತ್ತದೆ.

ಮೊದಲ ಹಂತ, ದಾಖಲೆ. ಐದು ಸುತ್ತಿನ ಇಂಟರ್‌ವ್ಯೂನಲ್ಲಿ ಮೆಚ್ಚಿ ಆರಿಸಿದ ವ್ಯಕ್ತಿಯನ್ನು ಇನ್ನು ಮುಂದೆ ಕಳ್ಳನೆಂದೇ ಭಾವಿಸಿ. ಆಧಾರ್, ಪ್ಯಾನ್, ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್, ಹಿಂದಿನ ಕಂಪನಿಯ ರಿಲೀವಿಂಗ್ ಲೆಟರ್, ಮೂರು ತಿಂಗಳ ಪೇ ಸ್ಲಿಪ್, ಎಲ್ಲವನ್ನೂ ಪೋರ್ಟಲ್‌ಗೆ ಏರಿಸಲು ಹೇಳಿ. ಏರಿಸಿದ ಮೇಲೆ ಅವನ್ನೇ ಮೇಲ್ ಮಾಡಲು ಹೇಳಿ. ಮೇಲ್ ಮಾಡಿದ ಮೇಲೆ ಜೆರಾಕ್ಸ್ ತರಲು ಹೇಳಿ. ಪೋರ್ಟಲ್ ಅಮೆರಿಕದಲ್ಲಿ ತಯಾರಾದದ್ದು, ‘ಲಾಸ್ಟ್ ನೇಮ್’ ಇಲ್ಲದವರನ್ನು ಅದು ಮನುಷ್ಯರೆಂದು ಒಪ್ಪುವುದಿಲ್ಲ. ನಮ್ಮವರಿಗೆ ಇರುವುದು ಇನಿಷಿಯಲ್. ಒಂದು ಅಕ್ಷರ ಸಾಲದು ಎಂದು ಅದು ಕೆಂಪಗಾಗುತ್ತದೆ. ಕೊನೆಗೆ ಇನಿಷಿಯಲ್ ಬಿಡಿಸಿ ಊರ ಹೆಸರು ತುಂಬಿದವನನ್ನು ಇಡೀ ಆಫೀಸು ‘ಹಾಯ್ ಚನ್ನರಾಯಪಟ್ಟಣ’ ಎಂದು ಕರೆಯತೊಡಗುತ್ತದೆ. ಅಪ್ಪನ ಹೆಸರು ತುಂಬಿದವನ ಸ್ಥಿತಿ ಇನ್ನೂ ಚೆನ್ನ: ಮಗ ಮಾಡಿದ ತಪ್ಪಿಗೆ ಮೀಟಿಂಗಿನಲ್ಲಿ ದಿನವೂ ಅಪ್ಪನಿಗೆ ಬೈಗುಳ.

ಎರಡನೇ ಹಂತ, ಹಣ. ನೀರು ಬೇಕೇ ಎಂದು ಕೇಳುವ ಮೊದಲೇ ‘ನೀವು ಸತ್ತರೆ ದುಡ್ಡು ಯಾರಿಗೆ?’ ಎಂದು ಕೇಳಿ. ಪಿಎಫ್‌ಗೊಂದು ನಾಮಿನಿ, ಇನ್ಶೂರೆನ್ಸ್‌ಗೊಂದು ನಾಮಿನಿ, ಗ್ರಾಚ್ಯುಟಿಗೊಂದು ನಾಮಿನಿ. ಗ್ರಾಚ್ಯುಟಿಯ ಸೊಗಸೇ ಬೇರೆ. ಕಾಯಂ ನೌಕರನಿಗೆ ಅದು ಸಿಗಬೇಕಾದರೆ ಐದು ವರ್ಷದ ಸೇವೆ ಆಗಿರಬೇಕು. ಆದರೆ ಮೂಲವೇತನದ 4.81 ಪರ್ಸೆಂಟ್ ಎಂದು ಅದನ್ನು ಮೊದಲ ದಿನದ ಸಿಟಿಸಿಯಲ್ಲೇ ಸೇರಿಸಿಬಿಡಬಹುದು. ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವ ಹುಡುಗರು ಕಾಣದ ಆ ದುಡ್ಡನ್ನೂ ಸೇರಿಸಿಯೇ ಊರಲ್ಲಿ ಸಂಬಳ ಹೇಳಿಕೊಳ್ಳುತ್ತಾರೆ. ಸಂತೋಷ ಪಡಲಿ ಬಿಡಿ.

ಮೂರನೇ ಹಂತ, ಪಾಲಿಸಿ. 1946ರ ಸ್ಥಾಯಿ ಆದೇಶಗಳ ಕಾಯ್ದೆ ಮಾಡಿದವರು ಪಾಪ, ಹಳೇ ಕಾಲದವರು. ಕೆಲಸದ ನಿಯಮಗಳನ್ನು ಇಂಗ್ಲಿಷಿನಲ್ಲೂ ಬಹುಪಾಲು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಬರೆದು ಬಾಗಿಲ ಬಳಿಯೇ ಬೋರ್ಡ್ ಹಾಕಿ ಎಂದಿದ್ದರು. ನಮ್ಮ ಐಟಿ ಕಂಪನಿಗಳಿಗೆ ರಾಜ್ಯ ಸರ್ಕಾರ ಷರತ್ತು ಹಾಕಿ ಆ ಕಾಯ್ದೆಯಿಂದ ಮತ್ತೆ ಮತ್ತೆ ವಿನಾಯಿತಿ ಕೊಡುತ್ತ ಬಂತು. ಹಾಗಾಗಿ ಬೋರ್ಡ್ ಹೋಗಿ ನೂರಾರು ಪುಟದ ಪಿಡಿಎಫ್ ಬಂತು. ಕೆಳಗೊಂದು ಚೌಕ: ‘ನಾನು ಓದಿದ್ದೇನೆ, ಅರ್ಥಮಾಡಿಕೊಂಡಿದ್ದೇನೆ.’ ಹೊಸಬನ ವೃತ್ತಿಜೀವನದ ಮೊದಲ ಸುಳ್ಳನ್ನು ಕಂಪನಿಯ ಸರ್ವರ್‌ನಲ್ಲೇ ದಾಖಲಿಸಿಕೊಂಡದ್ದಾಯಿತು. ಮುಂದೊಂದು ದಿನ ಬೇಕಾಗುತ್ತದೆ. ಕೆಲಸ ಬಿಟ್ಟ ಮೇಲೆ ಪೈಪೋಟಿ ಕಂಪನಿಗೆ ಸೇರಕೂಡದು ಎಂಬ ಕಲಮನ್ನೂ ಮರೆಯದೆ ಸೇರಿಸಿ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಎದುರು ಅದು ನಿಲ್ಲುವುದು ಕಷ್ಟ, ನಿಜ. ಆದರೆ ಹೆದರಿಕೆಗೆ ಸೆಕ್ಷನ್ ಎಲ್ಲಿದೆ?

ನಾಲ್ಕನೇ ಹಂತ, ತರಬೇತಿ. ಕೆಲಸದ್ದಲ್ಲ, ವಿಡಿಯೊಗಳದ್ದು. ಕೆಲಸದ ಸ್ಥಳದಲ್ಲಿ ಮಹಿಳೆಯರಿಗೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಎಷ್ಟು ಗಂಭೀರವೋ ನಮ್ಮ ವಿಡಿಯೊ ಅಷ್ಟೇ ಕಾರ್ಟೂನು. ಡಬಲ್ ಸ್ಪೀಡಿನಲ್ಲಿ ಓಡಿಸಿ, ‘ನೆಕ್ಸ್ಟ್’ ಒತ್ತಿ, ವಾಟ್ಸ್ಆ್ಯಪ್‌ನಲ್ಲಿ ಬಂದ ಉತ್ತರ ನೋಡಿ ಕ್ವಿಜ್ ಮುಗಿಸಿದರೆ ಸರ್ಟಿಫಿಕೇಟ್. ಆಂತರಿಕ ಸಮಿತಿಯಲ್ಲಿ ಯಾರಿದ್ದಾರೆ, ದೂರು ಯಾರಿಗೆ ಕೊಡಬೇಕು ಎಂದು ಆಮೇಲೆ ಹೊಸದಾಗಿ ಸೇರಿದ ಯಾವುದೇ ಹುಡುಗಿಯನ್ನು ಕೇಳಿ ನೋಡಿ. ಗೊತ್ತಿಲ್ಲ. ಆದರೆ ಕಂಪ್ಲೈಯನ್ಸ್ ನೂರಕ್ಕೆ ನೂರು.

ಐದನೇ ಹಂತ, ಸ್ವಾಗತ. ಕಂಪನಿ ಹೆಸರಿನ ಟೀಶರ್ಟು, ಸ್ಟೀಲ್ ಬಾಟಲಿ, ಅಂಗೈಯಗಲದ ಕುಂಡದಲ್ಲೊಂದು ಗಿಡ. ಡಬ್ಬ ಬಿಚ್ಚಿ ಫೋಟೊ ತೆಗೆದು ಲಿಂಕ್ಡ್‌ಇನ್‌ಗೆ ಹಾಕುವ ತನಕ ಹೊಸಬನನ್ನು ಎಬ್ಬಿಸಬೇಡಿ. ಡಬ್ಬದಲ್ಲಿ ಇಲ್ಲದ ಒಂದೇ ವಸ್ತುವಿಗಾಗಿ ಅವನು ತಾನೇ ಎದ್ದು ಐಟಿ ಡೆಸ್ಕಿಗೆ ಹೋಗುತ್ತಾನೆ.

‘ಸರ್, ಲ್ಯಾಪ್‌ಟಾಪ್?’

‘ಟಿಕೆಟ್ ರೈಸ್ ಮಾಡಿದ್ರಾ?’

‘ಲ್ಯಾಪ್‌ಟಾಪೇ ಇಲ್ವಲ್ಲ ಸರ್, ಎಲ್ಲಿಂದ ಮಾಡ್ಲಿ?’

‘ನಿಮ್ಮ ಮ್ಯಾನೇಜರ್ ಮಾಡ್ಬೇಕು.’

‘ಮ್ಯಾನೇಜರ್ ಯಾರು ಸರ್?’

‘ಪೋರ್ಟಲ್‌ನಲ್ಲಿ ಇರುತ್ತೆ ನೋಡಿ.’

ಇಲ್ಲಿಗೆ ನಿಮ್ಮ ಪ್ರೋಸೆಸ್ ಪೂರ್ಣಗೊಂಡಿತು. ಹೊಸಬ ಗಿಡಕ್ಕೆ ನೀರು ಹಾಕುತ್ತ ಕೂರುತ್ತಾನೆ. ವಾರಾಂತ್ಯಕ್ಕೆ ‘ನಿಮ್ಮ ಅನುಭವ ಹೇಗಿತ್ತು?’ ಎಂಬ ಸಮೀಕ್ಷೆಯನ್ನು ಅವನ ಆಫೀಸ್ ಮೇಲ್‌ಗೆ ಕಳಿಸಿ. ಆ ಮೇಲ್ ಇನ್ನೂ ತೆರೆದಿರುವುದಿಲ್ಲ. ಹಾಗಾಗಿ ದೂರು ಬರುವುದಿಲ್ಲ. ದೂರು ಶೂನ್ಯ ಎಂದು ಸ್ಲೈಡ್ ಮಾಡಿ ಮೇಲಿನವರಿಗೆ ತೋರಿಸಿ.

ಈಗ ಯಾರಾದರೂ, ಐದು ಡಿಪಾರ್ಟ್‌ಮೆಂಟುಗಳು ಒಬ್ಬರಿಗೊಬ್ಬರು ಮಾತಾಡದಿದ್ದರೆ ಇನ್ನೇನಾಗುತ್ತದೆ ಎಂದು ಮೂಗು ಮುರಿದರೆ ನಂಬಬೇಡಿ. ಮಾತಾಡುತ್ತಾರೆ. ಕೆಲಸದಿಂದ ತೆಗೆಯುವ ದಿನ ನೋಡಬೇಕು ಅವರ ಒಗ್ಗಟ್ಟನ್ನು. ‘ಕ್ವಿಕ್ ಕನೆಕ್ಟ್’ ಎಂದು ಕ್ಯಾಲೆಂಡರ್‌ನಲ್ಲಿ ಹದಿನೈದು ನಿಮಿಷದ ಮೀಟಿಂಗ್ ಬರುತ್ತದೆ. ಎಚ್‌ಆರ್ ಹೆಸರನ್ನು ಸರಿಯಾಗಿ ಉಚ್ಚರಿಸುತ್ತಾರೆ, ಊರಿನದ್ದಲ್ಲ, ಅಪ್ಪನದ್ದಲ್ಲ, ಅವನದ್ದೇ. ಮಾತು ಮುಗಿಯುವಷ್ಟರಲ್ಲಿ ಐಟಿಯವರು ಮೇಲ್ ಮುಚ್ಚಿರುತ್ತಾರೆ, ಲ್ಯಾಪ್‌ಟಾಪ್ ಲಾಕ್ ಆಗಿರುತ್ತದೆ. ಕಾರ್ಡ್ ಒತ್ತಿದರೆ ಗೇಟು ಕೆಂಪು ದೀಪ ತೋರಿಸುತ್ತದೆ. ಫೈನಾನ್ಸಿನವರು ಟೀಶರ್ಟು ಬಿಟ್ಟು ಉಳಿದೆಲ್ಲದರ ಲೆಕ್ಕ ಕೈಯಲ್ಲಿ ಹಿಡಿದಿರುತ್ತಾರೆ. ಯಾರೂ ಟಿಕೆಟ್ ಕೇಳುವುದಿಲ್ಲ. ಮ್ಯಾನೇಜರ್ ಯಾರೆಂಬ ಗೊಂದಲವಿಲ್ಲ. ಪಾಲಿಸಿಯ ಯಾವ ಪುಟದ ಯಾವ ಸಾಲಿಗೆ ಅವನು ‘ಓದಿದ್ದೇನೆ’ ಎಂದಿದ್ದ ಎಂಬುದೂ ಸಿದ್ಧ.

ಹಾಗಾಗಿ ನನ್ನದೊಂದು ಬಡ ಸಲಹೆ. ಹೊರಗೆ ಕಳಿಸುವ ಆ ಪಟ್ಟಿಯನ್ನೇ ಕೆಳಗಿನಿಂದ ಮೇಲಕ್ಕೆ ಓದಿ, ‘ಕಸಿದುಕೊಳ್ಳಿ’ ಎಂದಿರುವಲ್ಲೆಲ್ಲ ‘ಕೊಡಿ’ ಎಂದು ತಿದ್ದಿದರೆ ಜಗತ್ತಿನಲ್ಲೇ ಶ್ರೇಷ್ಠವಾದ ಆನ್‌ಬೋರ್ಡಿಂಗ್ ಹದಿನೈದೇ ನಿಮಿಷದಲ್ಲಿ ಮುಗಿಯುತ್ತದೆ. ಇರುವ ತೊಡಕು ಒಂದೇ: ಸಮಿತಿಯವರಿಗೆ ಕೆಲಸ ಉಳಿಯುವುದಿಲ್ಲ, ಅವರನ್ನು ಮನೆಗೆ ಕಳಿಸಬೇಕಾಗುತ್ತದೆ. ಅದಕ್ಕೆ ಚಿಂತೆ ಬೇಡ. ಆ ಪ್ರೋಸೆಸ್ ನಿಮ್ಮಲ್ಲಿ ಈಗಾಗಲೇ ಚೆನ್ನಾಗಿ ನಡೆಯುತ್ತಿದೆ.