ಬಂದವರು ಕೂತು ಹಾಡಲಿ

ಪರದೇಶದ ಚರ್ಚೊಂದರಿಂದ ಹತ್ತು ಹದಿನೈದು ಜನ ಎರಡು ವಾರ ರಜೆ ಹಾಕಿ, ಒಂದೇ ಬಣ್ಣದ ಟೀ ಶರ್ಟು ತೊಟ್ಟು, ತಮಗೆ ಭಾಷೆ ತಿಳಿಯದ ಊರಿನ ಸಣ್ಣ ಸಭೆಯೊಂದಕ್ಕೆ ಸೇವೆಗೆಂದು ಹೋಗಿಬರುವುದು ಈಗ ಲೋಕರೂಢಿ. ಇಂಥ ಪ್ರವಾಸದ ಮೇಲೆ ಅಭಿಪ್ರಾಯ ಹೇಳುವ ಅರ್ಹತೆ ಶಿರಾ ತಾಲ್ಲೂಕಿನ ನಮ್ಮ ಬುಕ್ಕಾಪಟ್ಟಣದ ಸೀಮೆಯವರಿಗೆ ತುಸು ಹೆಚ್ಚೇ ಇದೆ. ಅರ್ಥವಾಗದ ಭಾಷೆಯಲ್ಲಿ ಭಕ್ತಿ ಮಾಡುವುದರಲ್ಲಿ ನಮ್ಮದು ತಲೆಮಾರುಗಳ ಸಾಧನೆ. ಸೀಬಿಯ ನರಸಿಂಹಸ್ವಾಮಿಗೆ ಅರ್ಚಕರು ಸಂಸ್ಕೃತದಲ್ಲಿ ಒಂದು ಹೇಳುತ್ತಿದ್ದರೆ ಭಕ್ತ ಕನ್ನಡದಲ್ಲಿ ಮಗಳ ಮದುವೆಯ ವಿಚಾರ ಹೇಳಿಕೊಳ್ಳುತ್ತಿರುತ್ತಾನೆ. ಶಿರಾದಲ್ಲಿ 1696ರ ಜುಮ್ಮಾ ಮಸೀದಿಯಿದೆ. ಅಲ್ಲಿ ನಮಾಜಿಗೆ ಅರಬ್ಬಿ, ಮನೆಯಲ್ಲಿ ಉರ್ದು, ಸಂತೆಯಲ್ಲಿ ಕನ್ನಡ. ಮೂರು ಕಡೆಯಿಂದ ಆಂಧ್ರ ಒತ್ತಿಕೊಂಡಿರುವ ಪಾವಗಡಕ್ಕೆ ಹೋದರೆ ಶನಿಮಹಾತ್ಮನ ಸನ್ನಿಧಿಯ ಸಾಲಿನಲ್ಲಿ ಕನ್ನಡಕ್ಕಿಂತ ತೆಲುಗೇ ಜೋರು. ಸಾಡೇಸಾತಿ ಯಾವ ಭಾಷೆಯವರನ್ನೂ ಬಿಟ್ಟದ್ದಲ್ಲವಾದ್ದರಿಂದ ಅಲ್ಲಿ ಗಡಿತಂಟೆ ಎದ್ದಿಲ್ಲ. ಇನ್ನು ಕಾಡುಗೊಲ್ಲರ ಜುಂಜಪ್ಪನ ಕಾವ್ಯದಲ್ಲಿ ಹಾಡಿನ ನಡುನಡುವೆ ಉದ್ದನೆಯ ಗಣೆ ಊದುತ್ತಾರೆ. ಗಣೆಯ ದನಿಗೆ ಮಾತಿನ ಹಂಗೇ ಇಲ್ಲ.

ಹಾಗಾಗಿ ನನ್ನ ವಾದ ಇಷ್ಟೇ: ಒಟ್ಟಿಗೆ ಕೂತು ಆರಾಧಿಸಲು ಭಾಷೆ ಬೇಕಿಲ್ಲ, ಇನ್ನೊಬ್ಬರಿಗೆ ಬೋಧಿಸಲು ಬೇಕೇ ಬೇಕು. ಎರಡು ವಾರಕ್ಕೆ ಬಂದವರು ಮೊದಲನೆಯದನ್ನು ಎಷ್ಟು ಬೇಕಾದರೂ ಮಾಡಲಿ, ಎರಡನೆಯದರ ಆಸೆ ಬಿಡಲಿ. ಇದು ಒರಟು ಮಾತಲ್ಲ, ನಮ್ಮ ಪಕ್ಕದ ತಾಲ್ಲೂಕಿನ ಚರಿತ್ರೆ. 1830ರ ದಶಕದಲ್ಲಿ ಗುಬ್ಬಿಗೆ ಬಂದ ವೆಸ್ಲಿಯನ್ ಮಿಷನರಿ ಥಾಮಸ್ ಹಾಡ್ಸನ್ ಈ ನಾಡಿನಲ್ಲೇ ದಶಕಗಳನ್ನು ಕಳೆದು, 1859ರಲ್ಲಿ ಕನ್ನಡ ವ್ಯಾಕರಣವನ್ನೇ ಬರೆದರು. ಅದೇ ಗುಬ್ಬಿಗೆ 1839ರಲ್ಲಿ ಬಂದ ಐರ್ಲೆಂಡಿನ ತರುಣ ವಿಲಿಯಂ ಆರ್ಥರ್ ಕಣ್ಣಿನ ತೊಂದರೆಯಿಂದಾಗಿ 1841ರಲ್ಲೇ ಊರಿಗೆ ಮರಳಿದರು. 1847ರಲ್ಲಿ ಮೈಸೂರು ಸೀಮೆಯ ಮಿಷನ್ ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಹೆಚ್ಚು ಕಾಲ ನಿಂತವರಿಂದ ನಮಗೆ ವ್ಯಾಕರಣ ಸಿಕ್ಕಿತು, ಬೇಗ ಹೊರಟವರಿಂದ ಅವರ ದೇಶದವರಿಗೆ ಪುಸ್ತಕ ಸಿಕ್ಕಿತು. ಅಂದಿನ ಬೇಗ ಎಂದರೂ ಎರಡು ವರ್ಷ ಎಂಬುದನ್ನು ಇಂದಿನ ಎರಡು ವಾರದವರು ಗಮನಿಸಬೇಕು. ಜರ್ಮನಿಯ ಮಿಷನರಿ ಕಿಟೆಲ್ಲರದಂತೂ ಬೇರೆಯೇ ಲೆಕ್ಕ. 1853ರಲ್ಲಿ ಬಂದವರು 1862ರಲ್ಲಿ ಯೇಸುವಿನ ಕಥೆಯನ್ನು 'ಕಥಾಮಾಲೆ'ಯೆಂದು ನಮ್ಮ ಛಂದಸ್ಸಿಗೆ ಹೊಂದಿಸಿದರು. ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಬೋಧಿಸಲು ಬಂದವರು ಕಲಿಯುತ್ತಲೇ ಉಳಿದುಬಿಟ್ಟರೆ ಹೀಗಾಗುತ್ತದೆ.

ದುಭಾಷಿಯಿದ್ದರೆ ಸಾಲದೇ ಎನ್ನಬಹುದು. ಸಾಲುತ್ತದೆ, ಸಾಲುವುದಕ್ಕಿಂತ ಸ್ವಲ್ಪ ಹೆಚ್ಚೇ ಆಗುತ್ತದೆ. ಪಕ್ಕದಲ್ಲಿ ನಿಂತ ಸ್ಥಳೀಯ ಪಾಸ್ಟರಿಗೆ ಸಭೆಯವರ ಒಳಹೊರಗೆಲ್ಲ ಗೊತ್ತು. ಅತಿಥಿಗಳು ಮನುಕುಲದ ಪಾಪವೆಂದು ಆಕಾಶದಗಲ ಹರಡಿದ್ದನ್ನು ಅವರು ಕನ್ನಡಕ್ಕಿಳಿಸುವಾಗ ಅದು ಮೂರನೆಯ ಬೆಂಚಿನಲ್ಲಿ ಕೂತವನ ಶನಿವಾರ ರಾತ್ರಿಯ ಕುಡಿತವಾಗಿ ಬಂದು ಇಳಿಯುತ್ತದೆ. ಸಭೆಯೆಲ್ಲ ಅತ್ತ ತಿರುಗುತ್ತದೆ. ಅತಿಥಿಗಳಿಗೆ ತಮ್ಮ ಮಾತು ನಾಟಿತೆಂಬ ಸಂತೋಷ. ಅಂದು ಬೋಧಿಸಿದವರು ಯಾರೆಂಬುದು ಮೂರನೆಯ ಬೆಂಚಿನವನಿಗೆ ಚೆನ್ನಾಗಿ ಗೊತ್ತು.

ಕ್ರೈಸ್ತ ಸಭೆಯ ಹುಟ್ಟೇ ಬಹುಭಾಷಿಕವಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ನಿಜ. ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯದಲ್ಲಿ ನಾನಾ ದೇಶದವರಿಗೆ ತಂತಮ್ಮ ನುಡಿಯಲ್ಲೇ ಸುವಾರ್ತೆ ಕೇಳಿಸಿತು. ಆದರೆ ಅಲ್ಲಿಯೂ ಕೆಲವರು ಇವರು ಕುಡಿದಿದ್ದಾರೆಂದು ಗೇಲಿ ಮಾಡಿದರು. ಪೇತ್ರನು ಎದ್ದು, ಹೊತ್ತು ಇನ್ನೂ ಬೆಳಗಿನ ಒಂಬತ್ತಷ್ಟೇ ಅಲ್ಲವೇ ಎಂದು ಸಮಜಾಯಿಷಿ ಕೊಡಬೇಕಾಯಿತು. ಪವಿತ್ರಾತ್ಮನ ನೆರವಿದ್ದಾಗಲೇ ಇಷ್ಟು ಅಪಾರ್ಥವಾದರೆ, ಮೊಬೈಲಿನ ಅನುವಾದವನ್ನು ನಂಬಿ ಬಂದವರ ಪಾಡೇನು?

ಇದಕ್ಕಿಂತ ಗಟ್ಟಿಯಾದ ಪ್ರಶ್ನೆ ಒಂದಿದೆ. ಅರ್ಥವಾಗದಿದ್ದರೂ ಆರಾಧನೆ ನಡೆಯುತ್ತದೆಂದಾದರೆ ಕ್ಯಾಥೊಲಿಕರು ಲ್ಯಾಟಿನ್ ಪೂಜೆಯನ್ನೇಕೆ ಬದಿಗಿಟ್ಟರು? ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನರ ನುಡಿಗಳಿಗೆ ಬಾಗಿಲು ತೆರೆಯಿತು, ಸರಿಯಾಗಿಯೇ ತೆರೆಯಿತು. ಏಕೆಂದರೆ ವಾರವಾರ, ಬದುಕಿಡೀ ಅದೇ ಪೀಠದ ಮುಂದೆ ಮಂಡಿಯೂರುವವರಿಗೆ ತಮ್ಮ ಮಾತಿನಲ್ಲೇ ಪ್ರಾರ್ಥಿಸುವ ಹಕ್ಕಿದೆ. ಆ ಹಕ್ಕು ಮನೆಯವರದು. ಅತಿಥಿಗೆ ಒಂದು ಭಾನುವಾರ ಅರ್ಥವಾಗದೆ ಕೂರುವುದರಿಂದ ನಷ್ಟವೇನಿಲ್ಲ. ಬೇರೆಯವರ ಮನೆಯಲ್ಲಿ ತಾನೊಬ್ಬನೇ ಮಾತಾಡುವುದಕ್ಕಿಂತ ಅದು ಎಷ್ಟೋ ಲೇಸು.

ಅಚ್ಚರಿಯೆಂದರೆ ಈ ಸೂಕ್ಷ್ಮವನ್ನು ನಮ್ಮ ಸರ್ಕಾರಿ ಕಡತವೂ ಹಿಡಿದಿಟ್ಟಿದೆ. ಪ್ರವಾಸಿ ವೀಸಾದಲ್ಲಿ ಬಂದ ವಿದೇಶಿಯರು ಧಾರ್ಮಿಕ ಸ್ಥಳಗಳಿಗೆ ಹೋಗಬಹುದು, ಪ್ರವಚನ ಕೇಳಬಹುದು; ಮತಬೋಧನೆ ಮಾತ್ರ ಕೂಡದು, ಅದಕ್ಕೆ ಮಿಷನರಿ ವೀಸಾ ಬೇರೆಯೇ ಬೇಕು. ಗೃಹ ಸಚಿವಾಲಯದ ಮನಸ್ಸಿನಲ್ಲಿದ್ದ ಕಾರಣಗಳು ಬೇರೆ, ಅವುಗಳ ಮೇಲಿನ ಜಗಳವೂ ಬೇರೆ. ಆದರೂ ಕೇಳು, ಹೇಳಬೇಡ ಎಂಬ ನಿಯಮಕ್ಕಿಂತ ಒಳ್ಳೆಯ ಅತಿಥಿಧರ್ಮವನ್ನು ಯಾವ ದೇವಶಾಸ್ತ್ರಿಯೂ ಇಷ್ಟು ಚುಟುಕಾಗಿ ಹೇಳಿರಲಾರ.

ಹಾಗಾದರೆ ಬರುವುದೇ ದಂಡವೇ? ಖಂಡಿತ ಅಲ್ಲ. ಹೋಗಿಬಂದವರ ಮನಸ್ಸು ಅಗಲವಾಗುತ್ತದೆ, ಅದೇನು ಸಣ್ಣ ಲಾಭವಲ್ಲ. ಅದನ್ನು ಸೇವೆ ಎನ್ನದೆ ಯಾತ್ರೆ ಎಂದರೆ ಸಾಕು. ತಿರುಪತಿಗೆ ಹೊರಟವರು ಯಾರೂ ತಿರುಪತಿಯನ್ನು ಉದ್ಧಾರ ಮಾಡಿ ಬರುತ್ತೇವೆಂದು ಊರಲ್ಲಿ ಚಂದಾ ಎತ್ತುವುದಿಲ್ಲ. ಇಲ್ಲಿಂದ ಆಫ್ರಿಕಕ್ಕೋ ನೇಪಾಳಕ್ಕೋ ಹೊರಡುವ ನಮ್ಮ ಉತ್ಸಾಹಿಗಳಿಗೂ ಇದೇ ಮಾತು ಸಲ್ಲುತ್ತದೆ. ನಮ್ಮ ಕಡೆ ಬರುವವರು ಧಾರಾಳವಾಗಿ ಬರಲಿ. ಚಾಪೆಯ ಮೇಲೆ ಕೂರಲಿ, ರಾಗ ಹಿಡಿದಷ್ಟು ಹಾಡಲಿ, ಮುದ್ದೆ ಉಣ್ಣಲಿ. ಬೋಧಿಸಿಯೇ ತೀರುತ್ತೇವೆಂದು ಹಟ ಹಿಡಿದವರು ಮೊದಲು ಹಾಡ್ಸನ್ನರ ವ್ಯಾಕರಣ ಓದಿ ಮುಗಿಸಲಿ. ಅಷ್ಟರಲ್ಲಿ ಅವರ ರಜೆ ಮುಗಿದಿರುತ್ತದೆ.