ಕವಿವಾಣಿಯ ಕಡುವೈರಿ

ಕನ್ನಡ ಎಂ.ಎ. ಇರುವ ಕಡೆಯೆಲ್ಲ ಇಂಥವರೊಬ್ಬರು ಇದ್ದೇ ಇರುತ್ತಾರೆ. ಹುಡುಗರು ಬೆನ್ನ ಹಿಂದೆ ಇಟ್ಟ ಹೆಸರು ಅಡಿಟಿಪ್ಪಣಿ ಮೇಷ್ಟ್ರು. ಪಿಎಚ್.ಡಿ. ಪ್ರಬಂಧದ ಕರಡು ಕೈಗೆ ಬಂದರೆ ಅವರು ಮೊದಲು ನೋಡುವುದು ಪುಟದ ತಲೆಯನ್ನಲ್ಲ, ಪಾದವನ್ನು. ಕೇಳಿದರೆ, ಪಾದಕ್ಕೆರಗುವುದು ನಮ್ಮ ಸಂಪ್ರದಾಯವಲ್ಲವೇ ಎನ್ನುತ್ತಾರೆ.

‘ಕವಿವಾಣಿಯಂತೆ’ ಎಂಬ ಮಾತು ಕಂಡರೆ ಅವರಿಗೆ ಮೈಯೆಲ್ಲ ಉರಿ. “ಯಾವ ಕವಿಯಮ್ಮಾ? ಆಕಾಶವಾಣಿಯವರೂ ನಿಲಯದ ಹೆಸರು ಹೇಳ್ತಾರೆ!” ಮದುವೆಯ ಕರೆಯೋಲೆಯಲ್ಲಿ ಹೆಸರಿಲ್ಲದ ನಾಲ್ಕು ಸಾಲು ಕಂಡರೂ ಕೆಂಪು ಪೆನ್ನು ತಾನಾಗಿ ಜೇಬಿನಿಂದ ಈಚೆ ಬರುತ್ತದೆ. ವಧುವಿನ ತಂದೆಗೆ ಬೇಂದ್ರೆಯ ಸಂಕಲನದ ಹೆಸರನ್ನೂ ವರ್ಷವನ್ನೂ ತಿಳಿಸಿದ ಮೇಲೆಯೇ ಅವರು ಪಂಕ್ತಿಗೆ ಕೂರುವುದು.

ಪಂಪಭಾರತಕ್ಕೆ ಬರೀ ಪುಟಸಂಖ್ಯೆ ಕೊಟ್ಟವರಿಗೆ ಉಳಿಗಾಲವಿಲ್ಲ. “941ರಲ್ಲಿ ಪಂಪ ಪುಟ ತಿರುವಿದ್ದನೇನಯ್ಯಾ?” ಮುದ್ರಣ ಬದಲಾದರೆ ಪುಟವೂ ಬದಲಾಗುತ್ತದೆ, ಆಶ್ವಾಸ, ಪದ್ಯದ ಲೆಕ್ಕವಾದರೆ ಯಾವ ಪ್ರತಿ ಹಿಡಿದರೂ ಹೆಚ್ಚುಕಡಿಮೆ ಮನೆ ಮುಟ್ಟಿಸುತ್ತದೆ. ಹದಿನಾಲ್ಕು ಆಶ್ವಾಸಗಳಲ್ಲಿ ಎಷ್ಟನೆಯದು ಎಂಬುದು ಮೊದಲ ಅಂಕಿ, ಅಡ್ಡಗೆರೆಯ ಆಚೆಗೆ ಪದ್ಯ, ನಡುವಿನ ಗದ್ಯವಾದರೆ ಜೊತೆಗೊಂದು ‘ವ’. ಕುಮಾರವ್ಯಾಸನಿಗೆ ಪರ್ವ, ಸಂಧಿ, ಪದ್ಯ ಮೂರೂ ಬೇಕು. ಮುಖ್ಯರಸ್ತೆ, ಅಡ್ಡರಸ್ತೆ, ಮನೆ ನಂಬರು.

ಇನ್ನು ಸಾಲುಗಳ ವಿಚಾರ. ಮೂರು ಸಾಲಿನವರೆಗಾದರೆ ವಾಕ್ಯದೊಳಗೇ ಓರೆಗೆರೆ ಹಾಕಿ ಬರೆಯಬಹುದು, ಹೆಚ್ಚಾದರೆ ಬೇರೆಯಾಗಿ ಇಳಿಸಿ ಬರೆಯಬೇಕು. ಇದು ಎಂ.ಎಲ್.ಎ. ಪದ್ಧತಿ, ವಿಧಾನಸೌಧಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಪ್ರತಿ ವರ್ಷವೂ ಹೇಳಿ, ಪ್ರತಿ ವರ್ಷವೂ ಒಬ್ಬರೇ ನಗುತ್ತಾರೆ. ಆರು ಸಾಲಿನ ಭಾಮಿನಿ ಷಟ್ಪದಿಯನ್ನು ಒಬ್ಬ ಹುಡುಗ ಜಾಗ ಉಳಿಸಲು ಗದ್ಯದ ಹಾಗೆ ಒಂದೇ ಉಸಿರಿಗೆ ಟೈಪು ಮಾಡಿಸಿದ್ದ. ಸಾಲಿನ ತಲೆ ಎಲ್ಲಿ ಅಂತಲೇ ಗೊತ್ತಾಗದಿದ್ದರೆ ಎರಡನೆಯ ಅಕ್ಷರದ ಪ್ರಾಸವನ್ನು ಟಾರ್ಚು ಹಾಕಿ ಹುಡುಕಲೇ ಎಂದು ಮೇಷ್ಟ್ರು ರೇಗಿದರು. ರೇಗಿದ್ದರಲ್ಲಿ ನ್ಯಾಯವಿತ್ತು.

ಅವರು ನಿಜಕ್ಕೂ ಹೆದರುವುದು ‘ಅದೇ’ ಎಂಬ ಎರಡಕ್ಷರಕ್ಕೆ. ಹಿಂದಿನ ಟಿಪ್ಪಣಿಯ ಪುಸ್ತಕವೇ ಇಲ್ಲಿಯೂ ಎಂದು ಹೇಳುವ ಸುಲಭದ ದಾರಿ ಅದು. ವಿದ್ಯಾರ್ಥಿನಿಯೊಬ್ಬಳು ಪ್ರಬಂಧ ಒಪ್ಪಿಸುವ ಹಿಂದಿನ ರಾತ್ರಿ, ಡಿಟಿಪಿ ಅಂಗಡಿಯಲ್ಲಿ ನಿಂತು, ಕುಮಾರವ್ಯಾಸನ ಎರಡು ಟಿಪ್ಪಣಿಗಳ ನಡುವೆ ಒಂದು ವಚನ ತುರುಕಿಸಿದಳು. ಕೆಳಗೆ ಸಾಲಾಗಿ ‘ಅದೇ, ಅದೇ, ಅದೇ’. ಬೆಳಗಾಗುವಷ್ಟರಲ್ಲಿ ಭೀಮನ ಬೈಗುಳವೆಲ್ಲ ಅಕ್ಕಮಹಾದೇವಿಯ ಖಾತೆಗೆ ಜಮಾ!

ವಚನಗಳ ವಿಷಯ ಬಂದರೆ ಮಾತ್ರ ಮೇಷ್ಟ್ರ ದನಿ ಮೆತ್ತಗಾಗುತ್ತದೆ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ: ಉಲ್ಲೇಖವನ್ನು ವಚನದೊಳಗೇ ಹೆಣೆದ ಪುಣ್ಯಾತ್ಮರು ಎಂದು ಕೈಮುಗಿಯುತ್ತಾರೆ. ಹಾಗೆಂದು ವಿನಾಯಿತಿಯೇನೂ ಇಲ್ಲ. ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟದಲ್ಲಿ ಎಷ್ಟನೆಯದು, ವಚನದ ಸಂಖ್ಯೆ ಏನು ಎರಡೂ ಬೇಕು. ಅಂಕಿತ ಬದಲಿಸಿದ ವಚನ ಸಂಕಲನವೊಂದರ ಮುಟ್ಟುಗೋಲನ್ನು 2017ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಸುದ್ದಿಯ ತುಣುಕು ಅವರ ಡ್ರಾಯರಿನಲ್ಲಿದೆ. ಉಡಾಫೆಯ ಹುಡುಗರಿಗೆ ತೆಗೆದು ತೋರಿಸುತ್ತಾರೆ. ಸರ್ವಜ್ಞನ ತ್ರಿಪದಿ ಎತ್ತಿದರೆ ಮಾತ್ರ ನಿಟ್ಟುಸಿರು. ಕೊನೆಗೆ ‘ಸರ್ವಜ್ಞ’ ಎಂದು ಸೇರಿಸುವಷ್ಟು ತಿಳಿದ ಯಾರೂ ಸರ್ವಜ್ಞನಾಗಬಹುದಲ್ಲ.

ಅವರ ಬೀಳ್ಕೊಡುಗೆಯ ದಿನ ಹಾರ, ಶಾಲು, ಮೈಸೂರು ಪೇಟ ಎಲ್ಲ ಆದವು. ಗಂಟಲು ಕಟ್ಟಿದ ಮೇಷ್ಟ್ರು ಕಣ್ಣುಮುಚ್ಚಿ, ಡಿವಿಜಿ ಹೇಳಿದಂತೆ ಎನ್ನುತ್ತ ಕಗ್ಗದ ನಾಲ್ಕು ಸಾಲು ರಾಗವಾಗಿ ಹೇಳಿದರು. ಚಪ್ಪಾಳೆ ನಿಂತ ಮೇಲೆ ಹಿಂದಿನ ಸಾಲಿನಿಂದ ‘ಅದೇ’ ಹುಡುಗಿ ಎದ್ದುನಿಂತಳು.

“ಸಾರ್, ಎಷ್ಟನೆಯ ಪದ್ಯ?”

ಮೇಷ್ಟ್ರು ಕನ್ನಡಕ ತೆಗೆದರು, ಶಾಲಿನ ಅಂಚಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು.

“ಒಟ್ಟು 945 ಇವೆಯಮ್ಮಾ,” ಅಂದರು. “ಅದರೊಳಗೇ ಎಲ್ಲೋ ಇದೆ.”